ಗೋಡೆ ಕಡೆ ಮುಖ ಮಾಡಿದ ಸಾಮ್ರಾಜ್ಯ

ಕೆಲಸಕ್ಕೆ ಸೇರಿದ ಮೊದಲ ವಾರವೇ ಅವನು ನನ್ನ ಸಾಮ್ರಾಜ್ಯಕ್ಕೆ ಗೋಪುರ ಕಟ್ಟಿಬಿಟ್ಟಿದ್ದ.

ನೋಡಿದ ತಕ್ಷಣ ನನಗೆ ಮೈಯೆಲ್ಲ ಉರಿದುಹೋಯಿತು. ಎರಡು ಮೇಜು ಜೋಡಿಸಿ ಹಾಸಿದ್ದ ದೊಡ್ಡ ಹಾಳೆಯ ಮೇಲೆ ನಾಲ್ಕು ಬಂದರುಗಳು, ನಡುವೆ ನೀಲಿ ಸಮುದ್ರ, ಗಾಳಿಯ ದಿಕ್ಕು, ಹಡಗಿನ ದಾರಿ, ಎಲ್ಲವೂ ನಾನು ಹೇಳಿದ ಹಾಗೆಯೇ ಇತ್ತು. ಆದರೆ ಬಲಗಡೆಯ ಅಂಚಿನಲ್ಲಿ, ಖಾಲಿ ಬಿಡಿ ಎಂದು ನೂರು ಸಲ ಹೇಳಿದ್ದ ಜಾಗದಲ್ಲಿ, ಒಂದು ಬಂಗಾರದ ಬಣ್ಣದ ಪಟ್ಟಣ ಎದ್ದು ನಿಂತಿತ್ತು. ಕೋಟೆ, ಗೋಪುರ, ಬಾಗಿಲಲ್ಲಿ ಎರಡು ಸಿಂಹ ಬೇರೆ.

"ಇದೇನಿದು?" ಎಂದೆ.

"ನಿಮ್ಮ ಸಾಮ್ರಾಜ್ಯ," ಎಂದ, ತಲೆ ಎತ್ತದೆ.

"ಅಳಿಸಿ."

"ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಅದಕ್ಕೇ ಅಳಿಸಿ."

ಆಗ ತಲೆ ಎತ್ತಿದ. ಕಿವಿಯ ಮೇಲೊಂದು ಪೆನ್ಸಿಲ್, ಮೊಣಕೈ ತುಂಬ ನೀಲಿ ಶಾಯಿ. ಬೈಸಿಕೊಂಡವರ ಮುಖ ಸಣ್ಣಗಾಗಬೇಕು, ಅದು ಲೋಕರೂಢಿ. ಇವನ ಕಣ್ಣುಗಳು ಮಾತ್ರ, ಕಥೆ ಕೇಳಲು ಕೂತ ಮಕ್ಕಳ ಹಾಗೆ ಅರಳಿಕೊಂಡವು. ನನಗೆ ಇನ್ನಷ್ಟು ಸಿಟ್ಟು ಬಂತು.

ನಮ್ಮದು ಬೋರ್ಡ್ ಗೇಮ್ ಮಾಡುವ ಪುಟ್ಟ ಕಂಪನಿ. ಕಂಪನಿ ಅಂದರೆ ಚಿಕ್ಕಪ್ಪ, ಚಿಕ್ಕಮ್ಮ, ಲೆಕ್ಕ ನೋಡುವ ಹಿರಿಯರು ಒಬ್ಬರು, ಆಟದ ನಿಯಮ ಬರೆಯುವ ನಾನು, ಈಗ ಈ ಹೊಸ ನಕ್ಷೆಯವನು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿ ನಮ್ಮದು. ಕೆಳಗೆ ಯಾರಾದರೂ ಪಂಪ್ ಹೊಡೆದರೆ ನಮ್ಮ ಟೀ ಲೋಟಗಳು ಟಿಣ್ ಟಿಣ್ ಅನ್ನುತ್ತವೆ. ಇಲ್ಲಿಯವರೆಗೆ ಚಿಕ್ಕಮಕ್ಕಳ ಆಟಗಳನ್ನೇ ಮಾಡುತ್ತಿದ್ದೆವು. ಇದು ನಮ್ಮ ಮೊದಲ ದೊಡ್ಡವರ ಆಟ, ನನ್ನ ಮೂರು ವರ್ಷದ ತಪಸ್ಸು. ಐದುನೂರು ವರ್ಷ ಹಿಂದಿನ ಒಂದು ಸಮುದ್ರ, ಅದರ ದಡದಲ್ಲಿ ಒಂದಕ್ಕೊಂದು ಹೊಟ್ಟೆಕಿಚ್ಚು ಪಡುವ ನಾಲ್ಕು ಬಂದರುಗಳು, ಮತ್ತು ನಕ್ಷೆಯ ಅಂಚಿನಿಂದಲೂ ಆಚೆ, ಎಲ್ಲೋ ದೂರದಲ್ಲಿ, ಎಲ್ಲರೂ ಕಪ್ಪ ಕಟ್ಟಬೇಕಾದ ಒಂದು ಮಹಾ ಸಾಮ್ರಾಜ್ಯ.

"ನೋಡಿ," ಎಂದೆ, ಹಲ್ಲು ಕಚ್ಚಿಕೊಂಡು ಸೌಜನ್ಯ ತಂದುಕೊಂಡು, "ಈ ಬಂದರಿನವರು ಯಾರೂ ಆ ಸಾಮ್ರಾಜ್ಯವನ್ನ ಸರಿಯಾಗಿ ನೋಡಿದವರಲ್ಲ. ಅಲ್ಲಿಂದ ಹುಕುಂ ಬರುತ್ತೆ, ಇಲ್ಲಿಂದ ಕಪ್ಪ ಹೋಗುತ್ತೆ, ಅಷ್ಟೇ. ನೀವು ಗೋಪುರ ಬರೆದ್ರೆ ಆಡೋರು ಏನ್ ಮಾಡ್ತಾರೆ ಗೊತ್ತಾ? ಮುತ್ತಿಗೆ ಹಾಕೋಕೆ ಹೊರಡ್ತಾರೆ. ಕಣ್ಣಿಗೆ ಕಾಣೋದನ್ನ ಯಾರು ಬೇಕಾದ್ರೂ ಗೆಲ್ಲಬಹುದು."

"ಕಾಣದೆ ಇರೋದನ್ನ?"

"ಕಾಯಬೇಕು."

ಅವನು ಕುಂಚ ಎತ್ತಿಕೊಂಡ. "ಬಂಗಾರದ ಬಣ್ಣ ಅಳಿಸೋಕಾಗಲ್ಲ. ಮೇಲೆ ನೀಲಿ ಬಳೀಬೇಕು. ಸಿಂಹಗಳನ್ನಾದ್ರೂ ಬಿಡ್ತೀರಾ?"

"ಇಲ್ಲ."

"ಒಂದೇ ಒಂದು?"

"ಬಾಲಾನೂ ಬಿಡಲ್ಲ."

ಅವನು ನಕ್ಕ. ನಾನು ನಗಲಿಲ್ಲ. ಬಾಗಿಲ ಹೊರಗೆ ಹೋಗಿ ನಕ್ಕೆ. ಅದು ಅವನಿಗೆ ಗೊತ್ತಾಗಬೇಕಿರಲಿಲ್ಲ.

ಮುಂದಿನ ತಕರಾರು ಚಿಕ್ಕಪ್ಪನದು. "ನಕ್ಷೆ ಮೇಲೆ ಇಲ್ಲ ಅಂದ್ರೆ ಆಟದಲ್ಲಿ ಹೆಂಗೆ ಇರುತ್ತೆ ಮಗಳೇ? ಗಾಳಿಲಾ?"

"ಕುರ್ಚೀಲಿ," ಎಂದೆ.

ಇದೇ ನನ್ನ ಹೆಮ್ಮೆಯ ನಿಯಮ. ಆಡುವವರಲ್ಲಿ ಒಬ್ಬರೇ ಸಾಮ್ರಾಜ್ಯ. ಅವರು ಮೇಜಿನಿಂದ ದೂರ, ಗೋಡೆಗೆ ಮುಖ ಮಾಡಿ ಕೂರಬೇಕು. ನಕ್ಷೆ ನೋಡುವ ಹಾಗಿಲ್ಲ. ಯಾವ ಬಂದರು ಉದ್ಧಾರವಾಯಿತು, ಯಾವುದು ಮುಳುಗಿತು, ಒಂದೂ ಕಾಣಿಸದು. ಪ್ರತಿ ಸುತ್ತಿನಲ್ಲಿ ಬೇಕೆಂದ ಬಂದರುಗಳ ದೂತರು ಒಬ್ಬೊಬ್ಬರಾಗಿ ಹಿಂದೆ ಬಂದು ನಿಂತು, ಬೇರೆಯವರಿಗೆ ಕೇಳಿಸದ ಹಾಗೆ ಮೆಲ್ಲಗೆ ಸುದ್ದಿ ಹೇಳುತ್ತಾರೆ, ಮುದ್ರೆ ಸಿಕ್ಕರೆ ಮುಂದಿನ ಸುತ್ತಿಗೆ ಇಷ್ಟು ಕಪ್ಪ ಕೊಡುತ್ತೇವೆ ಎಂದು ಮಾತು ಕೊಡುತ್ತಾರೆ. ಸಾಮ್ರಾಜ್ಯ ಒಬ್ಬರನ್ನು ನಂಬಿ ತನ್ನ ಮುದ್ರೆ ಕೊಡುತ್ತದೆ. ಮುದ್ರೆ ಇದ್ದವರ ವ್ಯಾಪಾರ ಎರಡು ಪಟ್ಟು. ಕಪ್ಪದ ಮಣಿಗಳು ಡಬ್ಬಿಯ ಗೆರೆ ಮುಟ್ಟಿದರೆ ಸಾಮ್ರಾಜ್ಯ ಗೆದ್ದಂತೆ, ಇಲ್ಲದಿದ್ದರೆ ಹೆಚ್ಚು ವ್ಯಾಪಾರ ಮಾಡಿದ ಬಂದರು. ಇನ್ನೊಂದು ಮಾತು: ದೂತರು ಸುಳ್ಳು ಹೇಳಬಹುದು.

ಚಿಕ್ಕಪ್ಪ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಅಲ್ಲ ಪುಟ್ಟಿ, ಆಟ ಆಡೋಕೆ ಬಂದವರು ಗೋಡೆ ನೋಡ್ತಾ ಕೂರ್ತಾರಾ? ದುಡ್ಡು ಕೊಟ್ಟು ಗೋಡೆ ನೋಡೋ ಹುಚ್ಚರು ಎಲ್ಲಿದ್ದಾರೆ? ಒಂದು ಕಟ್ಟು ಕಾರ್ಡ್ ಮಾಡಿಬಿಡೋಣ. ಕಾರ್ಡ್ ಎತ್ತು, ಸಾಮ್ರಾಜ್ಯ ಏನು ಹೇಳುತ್ತೋ ಓದು, ಮುಗೀತು."

"ಕಾರ್ಡ್‌ಗೆ ಕಿವಿ ಇರಲ್ಲ ಚಿಕ್ಕಪ್ಪ. ಅದಕ್ಕೆ ಆಸೆ ತೋರಿಸೋಕಾಗಲ್ಲ, ಮೋಸ ಮಾಡೋಕಾಗಲ್ಲ. ಸಾಮ್ರಾಜ್ಯ ಅಂದ್ರೆ ಊರಲ್ಲ, ಸುದ್ದಿ. ಸುದ್ದಿ ನಂಬೋಕೆ ಮನುಷ್ಯರೇ ಬೇಕು."

ಕೊನೆಗೆ ಒಪ್ಪಂದವಾಯಿತು. ಊರೂರಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿರುವ ಮೇಡಂ ಒಬ್ಬರು ತಿಂಗಳ ಕೊನೆಯ ಭಾನುವಾರ ಬರುವವರಿದ್ದರು. ಅವರು ಕೊಂಡರೆ ಆಟ ಉಂಟು, ಇಲ್ಲದಿದ್ದರೆ ಇಲ್ಲ. ಅಲ್ಲಿಯವರೆಗೆ ದಿನಾ ಸಂಜೆ ನಾವೇ ಆಡಿ ನೋಡುವುದು. ಕುರ್ಚಿಯ ನಿಯಮ ನಿಂತರೆ ನನ್ನ ಮಾತು, ನಿಲ್ಲದಿದ್ದರೆ ಕಾರ್ಡು. ಕುರ್ಚಿ ಹೋದರೆ ನನ್ನ ಆಟದ ಜೀವವೇ ಹೋದ ಹಾಗೆ. ಆ ಮೇಲೆ ಅದು ಹಾವು-ಏಣಿಯ ದೊಡ್ಡಕ್ಕ, ಅಷ್ಟೇ.

ನಿಯಮ ಬರೆದವಳು ನಾನು, ಹಾಗಾಗಿ ಕುರ್ಚಿಯಲ್ಲಿ ಕೂತವಳೂ ನಾನೇ. ಚಿಕ್ಕಪ್ಪ ಉತ್ತರದ ಬಂದರು, ಚಿಕ್ಕಮ್ಮ ಮೆಣಸಿನ ಬಂದರು, ಲೆಕ್ಕದವರು ಕುದುರೆ ಮಾರುವ ಬಂದರು. ಉಳಿದದ್ದು ಯಾರಿಗೂ ಬೇಡವಾದ ಸಣ್ಣ ಬಂದರು. ಅದು ನಕ್ಷೆಯವನ ಪಾಲಿಗೆ ಬಂತು.

ನನ್ನೆದುರು ತಿಳಿ ಹಸಿರು ಗೋಡೆ, ಕ್ಯಾಲೆಂಡರ್ ಇಲ್ಲದ ಒಂದು ಮೊಳೆ. ಹಿಂದಿನಿಂದ ಮೊದಲು ಬಂದವರು ಚಿಕ್ಕಮ್ಮ. ಬಳೆ ಸದ್ದಿನಲ್ಲೇ ಗೊತ್ತಾಗುತ್ತಿತ್ತು. "ದೊರೆಸಾನಿ, ನಾವು ಬಡವರು. ಈ ಸಲ ಮೆಣಸೇ ಬೆಳೆದಿಲ್ಲ ಕಣಮ್ಮ," ಎಂದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸುಳ್ಳು ಹೇಳಿ ಹೋದರು. ಮನೆಯಲ್ಲಿ ಒಂದು ಇರುವೆಗೂ ನೋವು ಮಾಡದ ಹೆಂಗಸು! ಲೆಕ್ಕದವರು ಬಂದು ಬ್ಯಾಂಕಿನಲ್ಲಿ ಸಾಲ ಕೇಳುವವರ ಹಾಗೆ ಕೆಮ್ಮಿ, ಇದ್ದದ್ದು ಇದ್ದ ಹಾಗೆ ಒಪ್ಪಿಸಿದರು.

ಆಮೇಲೆ ಪೆನ್ಸಿಲ್ ಹೆರೆದ ವಾಸನೆ ಬಂತು.

"ದೊರೆಸಾನಿಯವರಿಗೆ ಸಣ್ಣ ಬಂದರಿನ ನಮಸ್ಕಾರ."

ಹಗಲೆಲ್ಲ ಆ ದನಿ ಕೇಳಿದ್ದೆ. ಇಷ್ಟು ಹತ್ತಿರದಿಂದ, ಮುಖವಿಲ್ಲದೆ ಕೇಳಿರಲಿಲ್ಲ. "ಏನು ತಂದಿದ್ದೀರಿ?" ಎಂದೆ ಗೋಡೆಗೆ.

"ಸುದ್ದಿ."

"ಸುದ್ದಿ ಡಬ್ಬಿಗೆ ಬೀಳಲ್ಲ. ಕಪ್ಪ ಎಷ್ಟು?"

"ಒಂದೇ ಮಣಿ. ಅದೂ ಮುಂದಿನ ಸುತ್ತಿಗೆ. ಈ ಸಲ ಮೀನು ಸಿಗಲಿಲ್ಲ. ನಮ್ಮ ಬಲೆ ಹೆಣೆಯೋ ಅಜ್ಜಿಗೆ ಕಣ್ಣು ಮಂಜಾಗಿದೆ. ಎಲ್ಲಾ ಬಲೇಲೂ ಒಂದೊಂದು ತೂತು."

"ನಕ್ಷೆ ಮೇಲೆ ಯಾವ ಅಜ್ಜಿನೂ ಇಲ್ಲ."

"ಸಾಮ್ರಾಜ್ಯಾನೂ ಇಲ್ಲ. ಹಾಗಂತ ನಾವು ನಂಬಲ್ವಾ?"

ನನ್ನ ಕೈಯಲ್ಲಿದ್ದ ಮರದ ಮುದ್ರೆ ಬೆವರಿತು. ಚಿಕ್ಕಪ್ಪ ಮೂರು ಮಣಿ ಕೊಡುತ್ತೇನೆ ಎಂದಿದ್ದರು, ಲೆಕ್ಕದವರು ನಾಲ್ಕು. ಬುದ್ಧಿ ನೆಟ್ಟಗಿದ್ದ ಯಾವ ಸಾಮ್ರಾಜ್ಯವೂ ಒಂದು ಮಣಿಯ ಬಂದರಿಗೆ ಮುದ್ರೆ ಕೊಡುವುದಿಲ್ಲ. ನಾನು ಕೈ ಹಿಂದಕ್ಕೆ ಚಾಚಿದೆ. ಅವನು ತೆಗೆದುಕೊಳ್ಳುವಾಗ ನನ್ನ ಬೆರಳಿಗೆ ಅವನ ಬೆರಳು ತಾಗಿತು. ಪರೀಕ್ಷೆಗೋಸ್ಕರ ಕೊಟ್ಟೆ ಎಂದು ನನಗೆ ನಾನೇ ಹೇಳಿಕೊಂಡೆ. ಪರೀಕ್ಷೆ ಅಂತೆ! ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ ನನ್ನ ಕೈಗೆ ಮುದ್ರೆ ಸಿಕ್ಕಿತ್ತು.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಟೀ ಲೋಟ ಹಿಡಿದು ಎದುರಾದ. ಹಗಲಿನಲ್ಲಿ ಅವನೊಬ್ಬ ಸಾಧಾರಣ ಮನುಷ್ಯ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ಶರ್ಟಿನ ಒಂದು ಗುಂಡಿ ತಪ್ಪು ಕಾಜಕ್ಕೆ ಹಾಕಿಕೊಂಡಿದ್ದ. ಹೇಳಬೇಕೆಂದುಕೊಂಡದ್ದು ಅದನ್ನು, ಬಾಯಿಗೆ ಬಂದದ್ದು ಬೇರೆ.

"ಅಜ್ಜಿಗೆ ಈಗ ಹೇಗಿದೆ?"

ಲೋಟ ತುಟಿಯ ಹತ್ತಿರ ನಿಂತಿತು. ಅದರ ಅಂಚಿನ ಮೇಲಿಂದ ಎರಡು ಕಣ್ಣು ಮೊದಲು ಆಶ್ಚರ್ಯದಿಂದ, ಆಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ ನಗುತ್ತಾ ನನ್ನನ್ನು ನೋಡಿದವು. "ಕನ್ನಡಕ ಬಂತು. ದೊರೆಸಾನಿಯವರ ದಯೆ."

"ಹಾಗಿದ್ರೆ ಇನ್ಮೇಲೆ ಬಲೆ ತೂತು ಅನ್ನೋ ನೆಪ ನಡೆಯಲ್ಲ."

"ನೆಪಕ್ಕೇನು ಬರ? ಸಂಜೆ ಹೊಸದು ತರ್ತೀನಿ."

ತಂದ. ಒಂದು ಸಂಜೆ ದೀಪಸ್ತಂಭದ ಕಾವಲುಗಾರನಿಗೆ ಜ್ವರ. ಇನ್ನೊಂದು ಸಂಜೆ ಹಡಗಿನ ಹಾಯಿ ಹೊಲಿಯುವವಳು ಮುನಿಸಿಕೊಂಡು ತವರಿಗೆ ಹೋಗಿದ್ದಳು. ಮತ್ತೊಂದು ಸಂಜೆ ಏನೂ ಆಗಿರಲಿಲ್ಲ, ಸುಮ್ಮನೆ ಬಂದರಿನ ನೀರಿನ ಮೇಲೆ ಬೆಳಕು ಚೆನ್ನಾಗಿತ್ತಂತೆ, ಅದನ್ನು ದೊರೆಸಾನಿಗೆ ಹೇಳಿ ಬರೋಣ ಎಂದು ಬಂದನಂತೆ. ದೂತನನ್ನು ಕಳಿಸಿದ ಸುತ್ತಿನಲ್ಲಿ ಆ ಬಂದರು ಒಂದು ಹಡಗು ಕಮ್ಮಿ ಬಿಡಬೇಕು. ಅದೂ ನನ್ನದೇ ನಿಯಮ. ಉಳಿದವರು ಲೆಕ್ಕ ಹಾಕಿ ಬರುತ್ತಿದ್ದರು. ಇವನು ಪ್ರತಿ ಸುತ್ತಿಗೂ ಹಾಜರು.

ನಾನು ಪ್ರತಿ ಸುತ್ತಿಗೂ ಮುದ್ರೆ ಕೊಟ್ಟೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ಗೋಡೆ ನೋಡುತ್ತಾ ಕೂತು ಒಬ್ಬ ಮನುಷ್ಯನನ್ನು ಇಷ್ಟು ನೋಡಬಹುದು ಎಂದು ನನಗೆ ಗೊತ್ತಿರಲಿಲ್ಲ. ಅವನ ಹೆಜ್ಜೆ ಕಿಟಕಿಯ ಹತ್ತಿರ ಸ್ವಲ್ಪ ನಿಧಾನವಾಗುತ್ತದೆ. ಮಾತು ಶುರು ಮಾಡುವ ಮುಂಚೆ ಒಂದು ಸಣ್ಣ ಉಸಿರು. ನಗು ಬಂದರೆ ಅದು ಮೊದಲು ಮೂಗಿನಲ್ಲಿ ಕೇಳಿಸುತ್ತದೆ. ಹಗಲು ಎದುರೆದುರು ಕೂತಾಗ ಅವನ ಕಡೆ ನೋಡಲು ನಾಚಿಕೆಯಾಗಿ ನಾನು ಸುಮ್ಮನೆ ರಬ್ಬರ್ ಹುಡುಕುತ್ತಿದ್ದೆ. ಅವನು ತನ್ನ ರಬ್ಬರ್ ನನ್ನ ಕಡೆ ಸರಿಸುತ್ತಿದ್ದ. ನಾನು ತಲೆ ಎತ್ತಿದರೆ ಅವನು ನಕ್ಷೆ ನೋಡುತ್ತಿದ್ದ, ನಾನು ತಲೆ ತಗ್ಗಿಸಿದರೆ ನನ್ನ ಕೆನ್ನೆ ಬಿಸಿಯಾಗುತ್ತಿತ್ತು. ನೋಡುತ್ತಿದ್ದಾನೆ ಎಂದು ಕೆನ್ನೆಗೆ ಹೇಗೋ ಗೊತ್ತಾಗುತ್ತಿತ್ತು.

ಆದರೆ ಸಂಕಟ ಏನಪ್ಪಾ ಅಂದರೆ, ದೂತರು ಸುಳ್ಳು ಹೇಳಬಹುದು. ಆ ನಿಯಮ ನನ್ನ ಕೈಯಾರೆ ಬರೆದದ್ದು. ಅವನ ಜೇನಿನಂಥ ಮಾತೆಲ್ಲ ನನಗೋ, ನನ್ನ ಕೈಯಲ್ಲಿದ್ದ ಮುದ್ರೆಗೋ? ಅವನು ಒಳ್ಳೆಯ ಆಟಗಾರ ಅಷ್ಟೇ ಆಗಿದ್ದರೆ? ಎದುರಿಗೆ ಕೇಳಿಬಿಡು ಎಂದು ಮನಸ್ಸು ಹೇಳುತ್ತಿತ್ತು. ಊರಿಗೆಲ್ಲ ಎದುರುತ್ತರ ಕೊಡುವ ಈ ನಾಲಿಗೆ ಆ ಒಂದು ಪ್ರಶ್ನೆಗೆ ಮಾತ್ರ ಅಂಟಿಕೊಂಡು ಕೂತಿತ್ತು.

ಭಾನುವಾರ ಬಂತು. ಮಹಡಿ ಗುಡಿಸಿ, ಮೇಜು ಒರೆಸಿ, ಬಿಸ್ಕತ್ತು ತಟ್ಟೆಗೆ ಜೋಡಿಸಿ ಎಲ್ಲರೂ ಮದುವೆ ಮನೆಯವರ ಹಾಗೆ ಓಡಾಡುತ್ತಿದ್ದೆವು. ಅಂಗಡಿ ಮೇಡಂ ಹೇಳಿದ ಹೊತ್ತಿಗೆ ಬಂದರು. ಗಟ್ಟಿ ಕಾಲಿನ, ಮಾತು ಕಮ್ಮಿಯ ಹೆಂಗಸು. ನಕ್ಷೆಯನ್ನು ಸುತ್ತು ಹಾಕಿ ನೋಡಿದರು. "ಚೆನ್ನಾಗಿದೆ," ಎಂದರು. ಬಲ ಅಂಚಿನ ಹತ್ತಿರ ಬಗ್ಗಿ, "ಇಲ್ಲಿ ನೀಲಿ ಒಳಗೆ ಏನೋ ಹೊಳೀತಿದೆಯಲ್ಲ?" ಎಂದರು. ನಕ್ಷೆಯವನು ಕೆಮ್ಮಿದ.

ನಾನು ಕುರ್ಚಿ ಎಳೆಯಲು ಹೋದೆ. ಅದರ ಮೇಲೆ ಒಂದು ಹೊಸ ಕಾರ್ಡಿನ ಕಟ್ಟು ಕೂತಿತ್ತು.

"ಚಿಕ್ಕಪ್ಪ?"

ಚಿಕ್ಕಪ್ಪ ನನ್ನ ಮುಖ ನೋಡಲಿಲ್ಲ. "ಬೇಜಾರು ಮಾಡ್ಕೋಬೇಡ ಮಗಳೇ. ಕುರ್ಚಿ ನಿಲ್ಲಲಿಲ್ಲ. ಇಷ್ಟು ದಿನದಲ್ಲಿ ಸಾಮ್ರಾಜ್ಯ ಒಂದು ಸಲಾನೂ ಗೆದ್ದಿಲ್ಲ. ಕಪ್ಪದ ಡಬ್ಬಿ ತಳ ಕಾಣ್ತಾನೇ ಇರುತ್ತೆ. ಪ್ರತಿ ಆಟದಲ್ಲೂ ಸಣ್ಣ ಬಂದರೇ ಗೆಲ್ಲುತ್ತೆ. ಎಲ್ಲರಿಗಿಂತ ಕಮ್ಮಿ ಕೊಡೋರ ಕೈಗೇ ಮುದ್ರೆ ಹೋಗ್ತಿದೆ ಅಂದ್ರೆ ಏನರ್ಥ? ನಿಯಮದಲ್ಲೇ ಎಲ್ಲೋ ತೂತಿದೆ."

"ನಿಯಮದಲ್ಲಿ ತೂತಿಲ್ಲ."

"ಮತ್ತೆ ಯಾಕೆ ಹೀಗಾಗುತ್ತೆ? ಹೇಳು, ಕಾರ್ಡ್ ತೆಗೆದುಬಿಡ್ತೀನಿ."

ಕೆಳಗೆ ಯಾರೋ ಪಂಪ್ ಹೊಡೆಯುತ್ತಿದ್ದವರು ಸರಿಯಾಗಿ ಆಗಲೇ ನಿಲ್ಲಿಸಬೇಕೇ? ಲೋಟಗಳೂ ಸುಮ್ಮನಾದವು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಒಂದು ಮಾತು ಹೇಳಿದರೆ ನನ್ನ ಮಾನ ಹೋಗುತ್ತದೆ, ಹೇಳದಿದ್ದರೆ ನನ್ನ ಮೂರು ವರ್ಷ ಹೋಗುತ್ತದೆ. ಅಳು ಬರುವ ಹಾಗಾಯಿತು. ಅಳುವ ಬದಲು ನನಗೆ ಸಿಟ್ಟು ಬಂತು. ನನ್ನ ಸ್ವಭಾವವೇ ಹಾಗೆ.

"ತೂತಿರೋದು ನನ್ನಲ್ಲಿ!" ಎಂದೆ. "ಆ ಸಣ್ಣ ಬಂದರಿನ ದೂತ ಬಂದು ಹಿಂದೆ ನಿಂತ್ರೆ ನನಗೆ ಲೆಕ್ಕ ತಪ್ಪುತ್ತೆ. ಅವರು ಕೇಳಿದ್ರೂ ಕೊಡ್ತೀನಿ, ಕೇಳದೆ ಇದ್ರೂ ಕೊಡ್ತೀನಿ. ನಾಳೆ ಮತ್ತೆ ಬರಲಿ ಅಂತ ಕೊಡ್ತೀನಿ. ನನಗೆ ಅವರಂದ್ರೆ ಇಷ್ಟ ಚಿಕ್ಕಪ್ಪ, ಸಾಕಾ? ಇದು ನಿಯಮದ ತಪ್ಪಲ್ಲ. ಬೇರೆ ಯಾರನ್ನಾದ್ರೂ ಕುರ್ಚೀಲಿ ಕೂರಿಸಿ ನೋಡಿ, ಸಾಮ್ರಾಜ್ಯ ಹೇಗೆ ಆಳುತ್ತೆ ಅಂತ ಗೊತ್ತಾಗುತ್ತೆ."

ಲೆಕ್ಕದವರ ಕೈಯಲ್ಲಿದ್ದ ಬಿಸ್ಕತ್ತು ಟೀಯೊಳಗೆ ಬಿದ್ದು ಮುಳುಗಿತು. "ಅಂತೂ ಬಾಯಿ ಬಿಟ್ಟಳಪ್ಪ!" ಎಂದರು ಚಿಕ್ಕಮ್ಮ, ಯಾರಿಗೂ ಕೇಳಿಸಬಾರದೆಂದು ಹೇಳಿ, ಎಲ್ಲರಿಗೂ ಕೇಳಿಸುವ ಹಾಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ನಕ್ಷೆಯವನ ಕಡೆ ನೋಡಲೇ ಇಲ್ಲ. ಅವನೂ ಒಂದು ಮಾತಾಡಲಿಲ್ಲ.

ಆಗ ಮುಂದೆ ಬಂದವರು ಅಂಗಡಿ ಮೇಡಂ. ಕೈಚೀಲ ಕೆಳಗಿಟ್ಟರು. "ಆ ಕುರ್ಚಿ ಇದೇನಾ?" ಎಂದು ಕಾರ್ಡಿನ ಕಟ್ಟನ್ನು ಎತ್ತಿ ಚಿಕ್ಕಪ್ಪನ ಕೈಗೆ ಕೊಟ್ಟು, ಗೋಡೆಗೆ ಮುಖ ಮಾಡಿ ಕೂತೇಬಿಟ್ಟರು. "ನಿಯಮ ಹೇಳಮ್ಮ."

ನಾನು ಹೇಳಿದೆ. ಚಿಕ್ಕಪ್ಪ ಆಟ ಬಿಟ್ಟು ನೋಡಲು ನಿಂತರು; ಅವರ ಉತ್ತರದ ಬಂದರು ನಕ್ಷೆಯವನಿಗೆ, ಸಣ್ಣ ಬಂದರು ನನಗೆ. ನಾವಿಬ್ಬರೂ ಮೇಜಿನ ಒಂದೇ ಬದಿಗೆ ಅಕ್ಕಪಕ್ಕ ಕೂರಬೇಕಾಯಿತು. ಭೂಮಿ ಬಾಯಿಬಿಟ್ಟರೆ ಇಳಿದುಹೋಗುವ ಹಾಗಿದ್ದೆ. ಅವನ ಮೊಣಕೈ ನನ್ನ ಮೊಣಕೈಯಿಂದ ಒಂದು ಬೆರಳಿನಷ್ಟು ದೂರವಿತ್ತು. ಅದು ಹತ್ತಿರವೂ ಬರಲಿಲ್ಲ, ದೂರವೂ ಹೋಗಲಿಲ್ಲ.

ಆಟ ಶುರುವಾಯಿತು. ಅಬ್ಬಾ, ಏನು ಸಾಮ್ರಾಜ್ಯ ಅದು! ಮೊದಲ ಸುತ್ತಿನಲ್ಲಿ ಚಿಕ್ಕಮ್ಮನ ಸಿಹಿ ಮಾತಿಗೆ ಮರುಳಾಗಿ ಮೇಡಂ ಮುದ್ರೆ ಕೊಟ್ಟರು. ಎರಡನೆಯ ಸುತ್ತಿನಲ್ಲಿ ಹೇಳಿದಷ್ಟು ಮಣಿ ಬರಲಿಲ್ಲ. ಬೆನ್ನು ನೆಟ್ಟಗಾಯಿತು. ಅಲ್ಲಿಂದ ಪ್ರತಿ ದೂತನಿಗೂ ಪಕ್ಕದ ಬಂದರಿನ ವಿಷಯ ಕೇಳತೊಡಗಿದರು. ಒಬ್ಬರ ಸುಳ್ಳನ್ನು ಇನ್ನೊಬ್ಬರ ಸುಳ್ಳಿಗೆ ತಾಳೆ ಹಾಕಿದರು. "ಮೆಣಸಿನ ಬಂದರಿನವರನ್ನ ಕರೀರಿ!" ಎಂದು ಗೋಡೆಗೆ ಗುಡುಗಿದರು. ಚಿಕ್ಕಮ್ಮ ನಿಜವಾಗಿಯೂ ಬೆವರಿ, ಸೆರಗಿನಿಂದ ಮುಖ ಒರೆಸಿಕೊಂಡು ಹೋದರು. ಮೇಜಿನ ಸುತ್ತ ಕೂತ ನಮಗೆಲ್ಲ ಆ ಬೆನ್ನು ನೋಡಿದರೆ ಭಯ. ಅದು ಏನು ಯೋಚಿಸುತ್ತಿದೆ, ಯಾರನ್ನು ನಂಬಿದೆ, ಒಂದೂ ಗೊತ್ತಾಗುತ್ತಿರಲಿಲ್ಲ. ಮೂರು ವರ್ಷದಿಂದ ನನ್ನ ತಲೆಯೊಳಗೆ ಇದ್ದದ್ದು ಇದೇ ಬೆನ್ನು.

ನಾನೂ ದೂತಿಯಾಗಿ ಹೋದೆ. "ನಮ್ಮ ಬಲೆ ಹೆಣೆಯೋ ಅಜ್ಜಿಗೆ..." ಎಂದು ಶುರು ಮಾಡಿದೆ.

"ಅಜ್ಜಿ ಕಥೆ ಬೇಡ. ಮಣಿ ಎಷ್ಟು?"

ಮುದ್ರೆ ಸಿಗಲಿಲ್ಲ. ಒಂದು ಸಲವೂ ಸಿಗಲಿಲ್ಲ. ಮುದ್ರೆ ಪ್ರಾಮಾಣಿಕ ಲೆಕ್ಕದವರ ಪಾಲಾಯಿತು, ಕಪ್ಪದ ಡಬ್ಬಿ ಗೆರೆ ದಾಟಿತು, ಸಾಮ್ರಾಜ್ಯ ಗೆದ್ದಿತು. ಸಣ್ಣ ಬಂದರು ಎಲ್ಲರಿಗಿಂತ ಕೊನೆಗೆ ಬಂತು. ಸೋತು ಇಷ್ಟು ಖುಷಿಪಟ್ಟವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು!

ಮೇಡಂ ತಿರುಗಿದರು. ಮುಖ ಕೆಂಪಗಾಗಿ, ಕೂದಲು ಕೆದರಿ, ಹತ್ತು ವರ್ಷ ಚಿಕ್ಕವರಾಗಿದ್ದರು. "ಯಜಮಾನರೇ, ಆ ಕಾರ್ಡ್ ಒಲೆಗೆ ಹಾಕಿ," ಎಂದರು ಚಿಕ್ಕಪ್ಪನಿಗೆ. "ಈ ಕುರ್ಚಿ ಇದ್ರೆ ಮಾತ್ರ ನನಗೆ ಆಟ ಬೇಕು. ನನ್ನ ಎಲ್ಲಾ ಅಂಗಡೀಲೂ ಇಡ್ತೀನಿ. ಗೋಡೆ ನೋಡ್ತಾ ಕೂತು ಇಷ್ಟು ಜನರನ್ನ ಕುಣಿಸಬಹುದು ಅಂತ ಗೊತ್ತಿರಲಿಲ್ಲ."

ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರು. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟರು. "ಗೆದ್ದುಬಿಟ್ಟೆ ಪುಟ್ಟಿ," ಎಂದರು. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

"ಒಂದೇ ಒಂದು ದೂರಿದೆ," ಎಂದರು ಮೇಡಂ. ಎಲ್ಲರೂ ಗಾಬರಿಯಾದೆವು. "ಆ ಉತ್ತರದ ಬಂದರಿನ ದೂತ. ಬಂದಾಗಲೆಲ್ಲ ತನ್ನ ಬಂದರಿನ ಮಾತೇ ಇಲ್ಲ. ಸಣ್ಣ ಬಂದರಿನವರು ಬಹಳ ಒಳ್ಳೆಯವರು, ಮುದ್ರೆ ಅವರಿಗೇ ಕೊಡಿ, ಸಣ್ಣ ಬಂದರಿನವರ ಹಾಗೆ ಇನ್ನೊಬ್ಬರಿಲ್ಲ, ಇದೇ ಪುರಾಣ. ಅಂಥ ದೂತನನ್ನ ನಾನು ಆ ಬಂದರಿನ ರಾಣಿ ಆಗಿದ್ರೆ ಅವತ್ತೇ ಮನೆಗೆ ಕಳಿಸ್ತಿದ್ದೆ."

ಚಿಕ್ಕಮ್ಮ ಕಿಸಕ್ಕನೆ ನಕ್ಕರು. ನನ್ನ ಎರಡೂ ಕಿವಿ ಕಾದವು. ಎಲ್ಲಿ ಮುಖ ಇಡಬೇಕೋ ತಿಳಿಯದೆ, ಖಾಲಿಯಾಗಿದ್ದ ಆ ಕುರ್ಚಿಗೆ ಹೋಗಿ ಗೋಡೆ ನೋಡುತ್ತಾ ಕೂತುಬಿಟ್ಟೆ. ಅಭ್ಯಾಸ.

ಹಿಂದೆ ಮಾತು, ನಗು, ಲೋಟದ ಸದ್ದು. ಆಮೇಲೆ ಹೆಜ್ಜೆ. ಕಿಟಕಿಯ ಹತ್ತಿರ ಅದು ಸ್ವಲ್ಪ ನಿಧಾನವಾಯಿತು. ಪೆನ್ಸಿಲ್ ವಾಸನೆ. ಒಂದು ಸಣ್ಣ ಉಸಿರು.

"ದೊರೆಸಾನಿಯವರಿಗೆ ನಮಸ್ಕಾರ."

"ಆಟ ಮುಗೀತು," ಎಂದೆ.

"ದೂತನಿಗೆ ಇನ್ನೂ ಸುದ್ದಿ ಇದೆ."

"ದೂತರು ಸುಳ್ಳು ಹೇಳಬಹುದು."

"ಗೊತ್ತು. ಅಜ್ಜಿ ಸುಳ್ಳು. ಕನ್ನಡಕ ಸುಳ್ಳು. ದೀಪಸ್ತಂಭದವನ ಜ್ವರಾನೂ ಸುಳ್ಳು." ಅವನ ದನಿ ಯಾವತ್ತಿನ ಹಾಗಿರಲಿಲ್ಲ, ಎಡವುತ್ತಿತ್ತು. "ನಾನು ಮುದ್ರೆಗೋಸ್ಕರ ಬರ್ತಿರಲಿಲ್ಲ ಅನ್ನೋದು ನಿಜ. ಇಲ್ಲಿ ನಿಂತ್ರೆ ನಿಮ್ಮ ಮಾತು ನನಗೊಬ್ಬನಿಗೇ ಕೇಳಿಸುತ್ತೆ, ಅದಕ್ಕೆ ಬರ್ತಿದ್ದೆ. ಬಾಲಾನೂ ಬಿಡಲ್ಲ ಅಂದ್ರಲ್ಲ, ಅವತ್ತಿಂದ ನನಗೆ ನೀವಂದ್ರೆ ಪ್ರಾಣ."

ಎದುರಿನ ಮೊಳೆ ಮಂಜಾಗಿ ಕಂಡಿತು. "ಮತ್ತೆ ಆಗ ನಾನು ಅಷ್ಟು ಜನರ ಮುಂದೆ ಮಾನ ಬಿಟ್ಟು ಹೇಳಿದಾಗ ಬಾಯಿಗೆ ಬೀಗ ಹಾಕ್ಕೊಂಡು ನಿಂತಿದ್ರಲ್ಲ?"

"ಆಗ ಹೇಳಿದ್ರೆ, ಕನಿಕರಕ್ಕೆ ಹೇಳಿದ ಅಂದ್ಕೊಳ್ತಿದ್ರಿ. ಮೊದಲು ನಿಮ್ಮ ಸಾಮ್ರಾಜ್ಯ ಗೆಲ್ಲಲಿ ಅಂತ ಸುಮ್ಮನಿದ್ದೆ." ಮೂಗಿನಲ್ಲಿ ಆ ಸಣ್ಣ ನಗು ಬಂತು. "ನೀವೇ ಹೇಳಿದ್ದು, ಕಾಣದೆ ಇರೋದನ್ನ ಕಾಯಬೇಕು ಅಂತ. ಕಾದು ಕಾದು ಸಾಕಾಗಿದೆ. ಈಗ ಸ್ವಲ್ಪ ಈ ಕಡೆ ತಿರುಗಿ."

"ಸಾಮ್ರಾಜ್ಯ ತಿರುಗಬಾರದು. ನಿಯಮ."

"ನಿಯಮ ಬರೆದವರು ಯಾರು?"

ನಾನೇ ಬರೆದದ್ದು. ಹಾಗಾಗಿ ನಾನೇ ಮುರಿದೆ. ಕುರ್ಚಿ ಸಮೇತ ತಿರುಗಿದೆ; ಅದರ ನಾಲ್ಕು ಕಾಲೂ ನೆಲದ ಮೇಲೆ ಕಿರ್ರೆಂದು ಕೂಗಿದವು. ಅವನು ನನ್ನೆದುರಿಗೇ ಇದ್ದ. ಇಷ್ಟು ದಿನ ಬರೀ ದನಿಯಾಗಿದ್ದವನು ಕಣ್ಣು, ಮೂಗು, ನೀಲಿ ಮೊಣಕೈ ಸಮೇತ, ಇವತ್ತೂ ಒಂದು ಗುಂಡಿ ತಪ್ಪಾಗಿ ಹಾಕಿಕೊಂಡು ನಿಂತಿದ್ದ. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು. ನಾನು ಕೈ ಚಾಚಿ ಆ ಗುಂಡಿಯನ್ನು ಬಿಚ್ಚಿ ಸರಿಯಾದ ಕಾಜಕ್ಕೆ ಹಾಕಿದೆ. ಎಷ್ಟು ದಿನದಿಂದ ಕೈ ಚಡಪಡಿಸುತ್ತಿತ್ತೋ! ಅವನು ಆ ಕೈಯನ್ನು ಹಾಗೇ ಹಿಡಿದುಕೊಂಡ, ಬಿಡಲಿಲ್ಲ.

ಅವನ ಭುಜದ ಮೇಲಿಂದ ನೋಡಿದರೆ ಚಿಕ್ಕಮ್ಮ, ಲೆಕ್ಕದವರು, ಅಂಗಡಿ ಮೇಡಂ, ಮೂವರೂ ಲೋಟ ಹಿಡಿದು ಬಾಯಿ ತೆರೆದು ನಮ್ಮನ್ನೇ ನೋಡುತ್ತಿದ್ದರು.

ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು.

"ಏನು ನೋಡ್ತಾ ನಿಂತಿದ್ದೀರಿ ಎಲ್ಲಾ? ಗೋಡೆ ಕಡೆ ತಿರುಗ್ರಪ್ಪ!"

ತಿರುಗಿದರು. ಚಿಕ್ಕಮ್ಮ ಒಂದು ಗೋಡೆಗೆ, ಲೆಕ್ಕದವರು ಇನ್ನೊಂದಕ್ಕೆ, ಮೇಡಂ ಕಿಟಕಿಗೆ. ಎಲ್ಲರಿಗಿಂತ ಕೊನೆಗೆ ಚಿಕ್ಕಪ್ಪನೂ ಕೈ ಹಿಂದೆ ಕಟ್ಟಿಕೊಂಡು, ನನ್ನ ಹಸಿರು ಗೋಡೆಯ ಆ ಮೊಳೆಯನ್ನೇ ದಿಟ್ಟಿಸುತ್ತಾ ನಿಂತರು.

"ಪರವಾಗಿಲ್ಲ," ಎಂದರು ಗೋಡೆಗೆ. "ದುಡ್ಡು ಕೊಟ್ಟಾದ್ರೂ ನೋಡಬಹುದು."